ಪೂಜೆಗಿಟ್ಟ ತುಪಾಕಿ

ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ ಅನ್ನುವುದು ಕೂಸಿಗೂ ಗೊತ್ತು. ಹಾಗಿರುವಾಗ ನನ್ನ ಮಾವ, ತಮ್ಮ ತುಪಾಕಿಗೆ ತುಕ್ಕು ಹಿಡಿಯಬಾರದೆಂದು ಅದರ ನಳಿಗೆಯೊಳಗೆ ಕುದಿಯುವ ನೀರು ಹುಯ್ಯುತ್ತಿದ್ದರು! ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ನೋಡಿ, ಅಯ್ಯೋ ದೇವರೇ, ಈ ಮನೆಯಲ್ಲಿ ಹಿರಿಯರಿಗೇ ತಲೆ ಕೆಟ್ಟಿದೆಯಲ್ಲ ಅಂದುಕೊಂಡಿದ್ದೆ.

ನೀಲಗಿರಿಯ ಪೈಕಾರ ಹೊಳೆಯಿಂದ ತೆಗೆದ ಕರೆಂಟು ಕೊಯಮತ್ತೂರಿನ ಗಿರಣಿಗಳಿಗೆ ಬಂದ ಹೊಸತು ಅದು. ನಮ್ಮದು ಪಡುವಣ ಬೆಟ್ಟದ ಬುಡದ ಊರು. ನಮಗೆ ಬರುತ್ತಿದ್ದದ್ದು ಬರೀ ಕಾಡುಹಂದಿ. ಕಡಲೆಕಾಯಿ ಹೊಲಕ್ಕೆ ಒಂದು ಹಿಂಡು ನುಗ್ಗಿತೆಂದರೆ ಆ ವರ್ಷದ ಬೆಳೆಯನ್ನು ಮರೆಯಬೇಕು. ಅದಕ್ಕೇ ಮಾವ ಲೈಸೆನ್ಸು ಮಾಡಿಸಿ, ನಳಿಗೆಯ ಬಾಯಿಯಿಂದ ಮದ್ದು ಗಿಡಿಯುವ ಹಳೇ ತುಪಾಕಿಯೊಂದನ್ನು ಇಟ್ಟುಕೊಂಡಿದ್ದರು. ವರ್ಷಕ್ಕೊಮ್ಮೆ ಅದನ್ನು ತಾಲೂಕು ಕಚೇರಿಗೆ ಹೊತ್ತೊಯ್ದು ತೋರಿಸಬೇಕು. ಹೋದ ಸಲವೇ ಅಲ್ಲಿನ ಅಧಿಕಾರಿ, ಒಳಗೆ ತುಕ್ಕು ಕಾಣುತ್ತಿದೆ, ಇನ್ನೊಮ್ಮೆ ಕಂಡರೆ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಗದರಿಸಿ ಕಳಿಸಿದ್ದ.

ಬಿಸಿನೀರಿನ ವಿಷಯ ಮಾವನೇ ಹೇಳಿಕೊಟ್ಟರು. “ಮದ್ದು ಸುಟ್ಟ ಮಸಿ ಉಪ್ಪಿದ್ದಂಗೆ ಅಮ್ಮಣಿ. ಗಾಳೀಲಿರೋ ತೇವಾನೆಲ್ಲ ಕುಡಿದು ಕಬ್ಣ ತಿಂತದೆ. ಕುದಿಯೋ ನೀರು ಹುಯ್ದ್ರೆ ಮಸೀನೂ ಹೋಗ್ತದೆ, ಕಾದ ನಳಿಗೆ ತಾನೇ ಒಣಗ್ತದೆ. ಆಮೇಲೆ ಎಣ್ಣೆ.” ಕೋಲಿಗೆ ಬಟ್ಟೆ ಸುತ್ತಿ, ಹರಳೆಣ್ಣೆಯಲ್ಲಿ ಅದ್ದಿ, ಒಳಗೆಲ್ಲ ತೆಳ್ಳಗೆ ಸವರುತ್ತಿದ್ದರು. ನಾನು ತಲೆಯಾಡಿಸಿದೆ. ಅರ್ಥವಾಯಿತೋ ಇಲ್ಲವೋ ನನಗೇ ಗೊತ್ತಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಮಾವ ಹೊಲದಲ್ಲಿ ಹಂದಿಗೆ ಗುಂಡು ಹಾರಿಸಿ ಬಂದರು. ತುಪಾಕಿಯನ್ನು ಜಗಲಿಗೆ ಒರಗಿಸಿ, ನನಗೆ ನೀರು ಕಾಯಿಸಲು ಹೇಳಿ, ಎತ್ತು ತೊಳೆಯಲು ಬಾವಿಯ ಕಡೆ ಹೋದರು. ನೀರು ಮರಳುವಷ್ಟರಲ್ಲಿ ಅತ್ತೆ ತುಪಾಕಿಯ ಹೊರಮೈ ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು, ಕುಡುಗೋಲು ಗುದ್ದಲಿಗಳ ಜೊತೆ ದೇವರ ಮುಂದಿರಿಸಿ ಕರ್ಪೂರ ಹಚ್ಚಿಬಿಟ್ಟಿದ್ದರು. ನಮ್ಮ ಕಡೆ ಪೂಜೆಗಿಟ್ಟ ಆಯುಧವನ್ನು ಮರುದಿನದ ಪೂಜೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ.

“ಅತ್ತೆ, ಒಳಗೆ ಮಸಿ ಹಂಗೇ ಅದೆ!” ಅಂದೆ.

“ಇರ್ಲಿ. ಸಾಮಿ ಮುಂದೆ ಇರೋದಕ್ಕೆ ತುಕ್ಕು ಹಿಡೀತದಾ? ಬಾಯಿ ಮುಚ್ಚು.”

ನನಗೆ ಮೈಯೆಲ್ಲ ಉರಿಯಿತು. ಮಾವನ ಮಾತು ಕೇಳಲೋ, ಅತ್ತೆಯ ಮಾತು ಕೇಳಲೋ? ಕುಂಕುಮವಿಟ್ಟ ಮೇಲೆ ಅದು ತುಪಾಕಿಯೋ, ದೇವರೋ? ನೀರಿನ ಪಾತ್ರೆ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತೆ. ಮಾವ ಬಂದರೆ ತಾವೇ ಎತ್ತಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಬಂದರು. ಕೈ ಚಾಚಿದರು. ಅತ್ತೆಯ ಮುಖ ನೋಡಿ, ದೀಪ ನೋಡಿ, ಚಾಚಿದ ಕೈಯನ್ನು ಹಾಗೇ ಮುಗಿದುಬಿಟ್ಟರು. ಹಂದಿಗೆ ಎದುರು ನಿಲ್ಲುವ ಗಂಡಸು! ಹೊರಗೆ ಜಿಟಿಜಿಟಿ ಮಳೆ ಹಿಡಿಯಿತು. ದಿನವೆಲ್ಲ ಅವರು ದೇವರಕೋಣೆಯ ಎದುರು ಕೂತೇ ಇದ್ದರು. ನನ್ನ ಸಿಟ್ಟು ಯಾರ ಮೇಲೆ ಎಂದೇ ನನಗೆ ತಿಳಿಯಲಿಲ್ಲ.

ಮರುದಿನ ಪೂಜೆ ಮುಗಿದ ಕೂಡಲೇ ಬಿಸಿನೀರು ಹುಯ್ದರೆ, ಕೆಂಪಗೆ ಇಳಿಯಿತು. ಉಜ್ಜಿದರು, ಎಣ್ಣೆ ಹಾಕಿದರು, ಮತ್ತೆ ಉಜ್ಜಿದರು. ಎರಡು ದಿನ ಬಿಟ್ಟು ಆ ವರ್ಷದ ತಪಾಸಣೆಗೆ ಹೊತ್ತೊಯ್ದರೆ, ಕಚೇರಿಯಲ್ಲಿ ಆ ಅಧಿಕಾರಿ ಬಿಳಿ ಬಟ್ಟೆ ತುರುಕಿ ಎಳೆದಾಗ ಅದೂ ಕೆಂಪಾಗಿಯೇ ಬಂತಂತೆ. “ಎನ್ನಯ್ಯಾ ಇದು?” ಎಂದು ತಮಿಳಿನಲ್ಲಿ ರೇಗಿ, ತುಪಾಕಿಯನ್ನು ಅಲ್ಲೇ ಇರಿಸಿಕೊಂಡನಂತೆ.

“ಪೂಜೆಗಿಟ್ಟಿದ್ದೆ ಅಂತ ಹೇಳ್ಬಾರ್ದಿತ್ತಾ ಮಾವ?” ಅಂದೆ.

“ಸಾಮೀನ ಕಚೇರಿಗೆ ಸಾಕ್ಷಿಗೆ ಎಳೀಲಾ ಅಮ್ಮಣಿ?” ಅಂದರು. ಅತ್ತೆಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆ ಮಾವ ಖಾಲಿ ಸೀಮೆಎಣ್ಣೆ ಡಬ್ಬ, ಒಂದು ಕೋಲು ತೆಗೆದುಕೊಂಡು ಹೊಲಕ್ಕೆ ಹೊರಟರು. ಇನ್ನು ಹಂದಿ ಓಡಿಸಲು ಡಬ್ಬ ಬಡಿಯುವುದೇ ಗತಿ. ಕತ್ತಲಾದ ಮೇಲೆ ಮನೆ ಹೊಸಿಲು ದಾಟದ ಅತ್ತೆ ಅಟ್ಟದಿಂದ ಹಿತ್ತಾಳೆ ತಟ್ಟೆ ಇಳಿಸಿಕೊಂಡು ಬಂದರು.

“ನೀನೆಲ್ಲಿಗೆ? ಹಂದಿ ಮೇಲೆ ಬಿದ್ರೆ?”

“ಬೀಳ್ಲಿ. ನಿಮ್ ಕೈ ಬರಿದಾಗಿದ್ದು ನನ್ನಿಂದ.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಗಂಡನಿಗಿಂತ ಮುಂದೆ ನಡೆದರು.