ಹತ್ತು ತಿಂಗಳೆಂದು ಹೇಳಿದ ಲಾಡಬಿ

ಬೆಳಗಿನ ಐದೂಮುಕ್ಕಾಲು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮುಚ್ಚಿದ ಬಾಗಿಲೊಂದರ ಮುಂದೆ ಲಾಡಬಿ ನಿಂತಿದ್ದಾರೆ. ಕೈಯಲ್ಲಿ ದವಾಖಾನೆಯ ಕೀಲಿಕೈ, ಬಗಲಲ್ಲಿ ಬುತ್ತಿಯ ಚೀಲ. ಮನೆಯೊಳಗೆ ಕಂಡಿಕೆಗೆ ನೂಲು ಸುತ್ತುವ ರಾಟಿಯ ಸದ್ದು ಕೇಳುತ್ತಿದೆ.

“ದಾನೇಶ್ವರಿ, ಇವತ್ತ ಗುರುವಾರ ಐತೆವಾ. ಡಾಕ್ಟರ್ ಬರ್ತಾರ. ಒಮ್ಮೆ ಬಂದು ತೋರಿಸಿ ಹೋಗು.”

ರಾಟಿ ನಿಲ್ಲುತ್ತದೆ. ಲಾಡಬಿ ತುಸು ಹೊತ್ತು ಕಾಯುತ್ತಾರೆ. ರಾಟಿ ಮತ್ತೆ ತಿರುಗತೊಡಗುತ್ತದೆ. “ನಡೀರಿ, ಹೊತ್ತಾತು” ಎಂದು, ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನ್ನತ್ತ ತಿರುಗುತ್ತಾರೆ. ಎರಡು ವರ್ಷದಿಂದ ಪ್ರತಿ ಗುರುವಾರ ಹೀಗೇ ನಡೆಯುತ್ತಿದೆಯಂತೆ. ನಾನಾಗಿದ್ದರೆ ಎರಡನೇ ವಾರಕ್ಕೇ ಕೈಚೆಲ್ಲಿಬಿಡುತ್ತಿದ್ದೆ.

ಲಾಡಬಿಗೆ ನಲವತ್ತೆಂಟು. ಊರಿನ ಸಣ್ಣದೊಂದು ಹಲ್ಲಿನ ದವಾಖಾನೆಯಲ್ಲಿ ಹದಿನೇಳು ವರ್ಷದಿಂದ ಸಹಾಯಕಿ. ಉಬ್ಬುಹಲ್ಲು, ಸೊಟ್ಟ ಹಲ್ಲುಗಳಿಗೆ ತಂತಿ ಬಿಗಿದು ಸಾಲಿಗೆ ತರುವ ಡಾಕ್ಟರು ಬಾಗಲಕೋಟೆಯಿಂದ ಗುರುವಾರ ಮಾತ್ರ ಬರುತ್ತಾರೆ. ಊರಿಗೆ ಗೊತ್ತಿರುವುದು ಅವರ ಹೆಸರು. ಅವರು ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಕಸ ಹೊಡೆದು, ನೆಲ ಒರೆಸಿ, ಇಕ್ಕಳ ಕತ್ತರಿಗಳನ್ನೆಲ್ಲ ತೊಳೆದು, ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ, ಅಂದು ಬರುವವರ ವಿವರದ ಹಾಳೆಗಳನ್ನು ಸಾಲಾಗಿ ಜೋಡಿಸಿಡುವ ಈ ಹೆಂಗಸಿನ ಹೆಸರು ಯಾರಿಗೆ ಬೇಕಾಗಿದೆ?

ಗಂಡ ಶಾಬುದ್ದೀನ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದರು. ಕಲ್ಲಿನ ಧೂಳು ಕುಡಿದೂ ಕುಡಿದೂ ಎದೆ ಕೆಟ್ಟು ತೀರಿಕೊಂಡರು. “ನಾ ಇಲ್ಲಿ ಕಸಾ ಹೊಡ್ಯಾಕ ಬಂದಾಕಿರಿ. ಓದಿದ್ದು ಆರನೇತ್ತ. ನೋಡ್ಕೋತ ನೋಡ್ಕೋತ ಕಲ್ತೇನಿ” ಎನ್ನುತ್ತಾರೆ ಲಾಡಬಿ. ಈಗ ಬಾಯಿಯ ಅಚ್ಚು ತೆಗೆಯಲು ಹಿಟ್ಟು ಕಲಸುವುದು, ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುವುದು ಎಲ್ಲ ಇವರದೇ ಕೈ. ಹಾಗೆ ಮಾಡಿದ ಪ್ಲಾಸ್ಟರ್ ಹಲ್ಲುಗಳು ಗೋಡೆಯ ಹಲಗೆಯ ಮೇಲೆ ಮುನ್ನೂರಕ್ಕೂ ಹೆಚ್ಚಿವೆ. ಒಂದೊಂದರ ಬೆನ್ನ ಮೇಲೂ ಪೆನ್ಸಿಲ್ಲಿನಲ್ಲಿ ಹೆಸರು. ಲಾಡಬಿ ದಿನವೂ ಅವುಗಳ ಧೂಳು ಒರೆಸುತ್ತಾರೆ. ಒಂದನ್ನು ಮಾತ್ರ ಕೈಗೆತ್ತಿಕೊಂಡು, ಒರೆಸಿ, ಮತ್ತೆ ಅದೇ ಜಾಗದಲ್ಲಿಡುತ್ತಾರೆ. ಅದರ ಬೆನ್ನನ್ನು ತಿರುಗಿಸಿ ನೋಡಿದೆ. ದಾನೇಶ್ವರಿಯದು.

ದಾನೇಶ್ವರಿ ಎಂಬುದು ಆ ಹುಡುಗಿಯ ನಿಜವಾದ ಹೆಸರಲ್ಲ, ಬದಲಿಸಿದ್ದೇನೆ. ತಾಯಿಯ ಹೆಸರನ್ನೂ ಬದಲಿಸಿದ್ದೇನೆ. ಲಾಡಬಿಯ ಹೆಸರನ್ನೂ ಬದಲಿಸಲೇ ಎಂದು ಕೇಳಿದಾಗ ಅವರು ಸಿಟ್ಟಿಗೆದ್ದರು. “ನನ್ನ ಹೆಸರು ಬರೀರಿ. ತಪ್ಪು ಮಾಡಿದಾಕಿ ನಾ.”

ಮೂರು ವರ್ಷದ ಹಿಂದೆ ಸಂಗವ್ವ ಎಂಬ ನೇಕಾರ ತಾಯಿ ಇಪ್ಪತ್ತೆರಡರ ಮಗಳು ದಾನೇಶ್ವರಿಯನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಮುಂದಿನ ಹಲ್ಲು ತುಸು ಉಬ್ಬು, ಅಷ್ಟೇ. ಡಾಕ್ಟರು ಒಳಗೆ ಎಲ್ಲ ವಿವರಿಸಿದರು. ದೊಡ್ಡವರ ಎಲುಬು ಗಟ್ಟಿಯಾಗಿರುತ್ತದೆ, ಹಲ್ಲು ನಿಧಾನವಾಗಿ ಸರಿಯುತ್ತದೆ, ಜಾಗಕ್ಕಾಗಿ ಎರಡು ಹಲ್ಲು ಕೀಳಬೇಕು, ಎರಡು ವರ್ಷವಾದರೂ ಬೇಕು. ಸಂಗವ್ವ ತಲೆಯಾಡಿಸುತ್ತ ಕೇಳಿ, ಹೊರಗೆ ಬಂದು ಲಾಡಬಿಯ ಕೈಹಿಡಿದುಕೊಂಡರು. “ಖರೆ ಹೇಳ್ರಿ ಅಕ್ಕಾರ, ಎಷ್ಟು ದಿನಾ ಆಗ್ತೈತಿ?”

“ಹತ್ತು ತಿಂಗಳಂತ ಹೇಳಿದ್ನಿರಿ” ಎನ್ನುತ್ತಾರೆ ಲಾಡಬಿ. “ಎರಡು ವರ್ಷ ಅಂದ್ರ ಮಂದಿ ಎದ್ದು ಹೋಗ್ತಿದ್ರು. ಕಡಿಮಿ ಹೇಳಿದ್ರ ಕೂಡ್ತಿದ್ರು. ಒಮ್ಮೆ ತಂತಿ ಹಾಕಿಸ್ಕೊಂಡ ಮ್ಯಾಲ ಬರ್ತಾರ, ಎಲ್ಲಿ ಹೋಗ್ತಾರ ಅಂತ ನನ್ನ ಶಾಣ್ಯಾತನ. ಎಷ್ಟ್ ಮಂದಿಗೆ ಹಂಗ ಹೇಳೇನೋ ಏನೋ. ಯಾರಿಗೂ ಏನೂ ಆಗಿರಲಿಲ್ಲ.”

ಸಂಗವ್ವ ಹತ್ತು ತಿಂಗಳನ್ನು ಬೆರಳೆಣಿಸಿ ನೆನಪಿಟ್ಟುಕೊಂಡರು. ಆ ಲೆಕ್ಕದಲ್ಲೇ ಹನ್ನೊಂದನೇ ತಿಂಗಳಿಗೆ ಚೊಳಚಗುಡ್ಡದ ಕಡೆಯವರಿಗೆ ಕನ್ಯೆ ನೋಡಲು ಬರಹೇಳಿದರು. ಬರುವವರು ಭಾನುವಾರ. ಶುಕ್ರವಾರ ತಂತಿ ತೆಗೆಸಲು ಮಗಳನ್ನು ಕರೆದುಕೊಂಡು ದವಾಖಾನೆಗೆ ಬಂದರೆ ಅಲ್ಲಿ ಡಾಕ್ಟರಿಲ್ಲ. ಕಿತ್ತ ಹಲ್ಲಿನ ಜಾಗ ಇನ್ನೂ ತುಂಬಿಲ್ಲ, ಅರ್ಧ ಕೆಲಸವೂ ಆಗಿಲ್ಲ, ಗುರುವಾರದ ತನಕ ತಡೆಯಿರಿ ಎಂದು ಲಾಡಬಿ ಅಂಗಲಾಚಿದರು. ಸಂಗವ್ವ ಒಂದೇ ಮಾತು ಹೇಳಿದರು: “ನೀವ ಹೇಳಿದ್ರಲ್ರಿ, ಹತ್ತು ತಿಂಗಳಂತ.”

ಬಾಯಲ್ಲಿ ತಂತಿ ಇಟ್ಟುಕೊಂಡು ಬೀಗರ ಮುಂದೆ ಹೇಗೆ ಕೂರಿಸುವುದು? ಅಲ್ಲಿಂದ ಸೀದಾ ಪರಿಚಯದ ಪತ್ತಾರರ ಅಂಗಡಿಗೆ ಹೋದರು. ಬಂಗಾರದ ಸೂಕ್ಷ್ಮ ಕೆಲಸ ಮಾಡುವ ಕೈ ಇಷ್ಟು ಮಾಡಲಾರದೇ ಎಂದು. ಆತ ಒಲ್ಲೆ ಒಲ್ಲೆ ಎಂದವನು ತಾಯಿಯ ಗೋಳು ನೋಡಲಾಗದೆ ಇಕ್ಕಳ ಹಿಡಿದ. ತಂತಿ ಬಂತು, ಹಲ್ಲಿಗೆ ಅಂಟಿಸಿದ್ದ ಬಿಲ್ಲೆಗಳೂ ಬಂದವು, ಜೊತೆಗೆ ಮುಂದಿನ ಎರಡು ಹಲ್ಲುಗಳ ಚೂರೂ ಬಂತು. ಭಾನುವಾರ ಬಂದವರು ಹುಡುಗಿಯ ಹೆಸರು ಕೇಳಿದರು. ಅವಳು ಬಾಯಿ ತೆರೆಯಲಿಲ್ಲ. ಮತ್ತೆ ಕೇಳಿದರು. ಮೂಗಿಯೇನೋ ಎಂದುಕೊಂಡು ಚಹಾ ಕುಡಿದು ಎದ್ದು ಹೋದರು. ಆಮೇಲೆ ಅವಳು ಬಾಲವಾಡಿಗೂ ಹೋಗಲಿಲ್ಲ. ಈಗ ಮನೆಯೊಳಗೇ ನೂಲು ಸುತ್ತುತ್ತಾಳೆ.

ಛೇ, ಇದನ್ನು ಬರೆಯುತ್ತಿರುವಾಗಲೂ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುತ್ತಿಲ್ಲ. ಮುರಿದ ಹಲ್ಲನ್ನು ಮುಚ್ಚಿ, ಮತ್ತೆ ತಂತಿ ಹಾಕಿ ಸರಿಮಾಡಬಹುದು, ವಯಸ್ಸೇನೂ ಮೀರಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹುಡುಗಿ ಬರಬೇಕಲ್ಲ!

ಹತ್ತೂವರೆ ಆಗಿದೆ. ಇವತ್ತು ಇಪ್ಪತ್ತಾರು ಮಂದಿ ಇದ್ದಾರೆ. ಮರೋಳದ ದುರ್ಗಪ್ಪ ಹದಿಮೂರು ವರ್ಷದ ಮಗಳು ಜಯಶ್ರೀಯನ್ನು ಕರೆತಂದಿದ್ದಾರೆ. ಸಾಲೆಯಲ್ಲಿ ಉಬ್ಬುಹಲ್ಲಿನವಳೆಂದು ಕಾಡುತ್ತಾರಂತೆ. ಡಾಕ್ಟರು ನೋಡಿ, ಇದೇ ಸರಿಯಾದ ವಯಸ್ಸು ಎಂದಿದ್ದಾರೆ. ಈಗ ಅಪ್ಪ ಮಗಳು ಹೊರಗಿನ ಬೆಂಚಿನ ಮೇಲೆ ಲಾಡಬಿಯ ಎದುರು ಕೂತಿದ್ದಾರೆ.

“ಎಷ್ಟು ದಿನಾ ಆಗ್ತೈತ್ರಿ ಅಕ್ಕಾರ?”

“ಎರಡು ವರ್ಷ ಹಿಡೀರಿ. ಮ್ಯಾಲ ನಾಕು ತಿಂಗಳ ಹೋದ್ರೂ ಹೋತು. ತಿಂಗಳಿಗೊಮ್ಮೆ ತಪ್ಪದ ಬರಬೇಕು. ಬಿಗಿ ಮಾಡಿದಾಗೊಮ್ಮೆ ಮೂರು ನಾಕು ದಿನ ನೋವು ಇರ್ತೈತಿ, ಮೆತ್ತಗಿಂದು ಉಣ್ಣಬೇಕು. ಖಡಕ್ ರೊಟ್ಟಿ, ಶೇಂಗಾ, ಕಬ್ಬು ಬಂದ್. ಉಂಡ ಕೂಡ್ಲೇ ತಿಕ್ಕಬೇಕು, ಇಲ್ಲಂದ್ರ ತಂತಿ ಸುತ್ತ ಹುಳುಕ ಹಿಡೀತೈತಿ. ತಂತಿ ತೆಗೆದ ಮ್ಯಾಲೂ ರಾತ್ರಿ ಒಂದು ಪ್ಲೇಟ್ ಹಾಕ್ಕೊಂಡು ಮಲಗಬೇಕು, ಬಿಟ್ರ ಹಲ್ಲು ಮೊದಲಿನಂಗ ಹೊಳ್ಳಿ ಹೋಗ್ತಾವು.”

ದುರ್ಗಪ್ಪ ಚಪ್ಪಲಿಯತ್ತ ನೋಡುತ್ತ ಕೂತಿದ್ದಾರೆ. ರೊಟ್ಟಿ ಬಿಟ್ಟು ಮಗಳಿಗೆ ಏನು ಉಣಿಸುವುದು, ತಿಂಗಳಿಗೊಮ್ಮೆ ಕೆಲಸ ಬಿಟ್ಟು ಯಾರು ಕರೆತರುವುದು ಎಂಬುದು ಮುಖದಲ್ಲೇ ಕಾಣುತ್ತಿದೆ. “ಮುಂದ ನೋಡೂಣ ತಗೋರಿ” ಎಂದು ಏಳುತ್ತಾರೆ. ಜಯಶ್ರೀ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಅಪ್ಪನ ಹಿಂದೆ ಹೋಗುತ್ತಾಳೆ.

ನಾನು ತಡೆಯಲಾರದೆ ಕೇಳಿದೆ, ಒಂದು ವರ್ಷ ಅಂದಿದ್ದರೆ ಉಳಿಯುತ್ತಿದ್ದರೇನೋ ಅಲ್ಲವೇ? “ಉಳೀತಿದ್ರು” ಎಂದರು ಲಾಡಬಿ, ಖಾಲಿ ಹಾಳೆಯನ್ನು ಎತ್ತಿಡುತ್ತ. ಮೊದಲು ಕೇಳಲು ಬಂದ ಹತ್ತರಲ್ಲಿ ಎಂಟು ಮಂದಿ ನಿಲ್ಲುತ್ತಿದ್ದರು. ಈಗ ಮೂರು ಮಂದಿ ನಿಂತರೆ ಹೆಚ್ಚು. ಹೋದ ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತ ಬೆಳೆಯುತ್ತಾರೆ ಎಂಬುದು ಇವರಿಗೆ ಗೊತ್ತು. “ಸುಳ್ಳು ಹೇಳಿದ್ರ ಒಬ್ಬಾಕಿ ಹಾಳಾದ್ಲು. ಖರೆ ಹೇಳಿದ್ರ ಇವು ಹೋಗ್ತಾವು. ನಾ ಏನ್ ಮಾಡ್ಲಿ ಹೇಳ್ರಿ?”

ಸಂಜೆ ಆರೂವರೆಗೆ ಬೀಗ ಹಾಕಿ ಅದೇ ಓಣಿಯಲ್ಲಿ ಹೊರಟೆವು. ಬೆಳಿಗ್ಗೆ ಮುಚ್ಚಿದ್ದ ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು. ಒಳಗೆ ರಾಟಿಯ ಸದ್ದಿಲ್ಲ. ಲಾಡಬಿ ನಿಂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡ ಮುಖವೊಂದು ಸಂದಿಯಲ್ಲಿ ಕಂಡಿತು.

“ಮತ್ತ ಹಾಕಿಸಿದ್ರ,” ಎಂದಿತು ಸೆರಗಿನೊಳಗಿನ ದನಿ, “ಎಷ್ಟು ದಿನಾ ಆಗ್ತೈತ್ರಿ?”

ಎರಡು ವರ್ಷದಲ್ಲಿ ಮೊದಲ ಮಾತು! ಆರು ತಿಂಗಳು ಅನ್ನಿ, ತಾಯಿ, ಎಂಟು ಅನ್ನಿ, ಹುಡುಗಿ ಹೊರಗೆ ಬರಲಿ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ.

“ಎರಡು ವರ್ಷವಾ,” ಎಂದರು ಲಾಡಬಿ. “ಹೆಚ್ಚಿಗೀನೂ ಆಗಬಹುದು.”

ಮುಖ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಳಗೆ ರಾಟಿ ತಿರುಗತೊಡಗಿತು.

ಓಣಿಯ ತುದಿಗೆ ಬಂದೆವು. ಅಲ್ಲಿ ಲಾಡಬಿ ಬುತ್ತಿಯ ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿ, ಕಣ್ಣೊರೆಸಿಕೊಂಡರು. “ಆಕಿಗೆ ಈ ಸಲ ಖರೆ ಹೇಳೇನ್ರಿ,” ಎಂದರು. “ಇದಿಷ್ಟು ಬರೀರಿ.”