ಟಾರ್ಪಾಲಿನ ಜೊತೆ ಮುಖ ಉಚಿತ

ಮನುಷ್ಯ ಮಾಡುವ ಸಕಲ ಉದ್ಯೋಗಗಳ ಹಿಂದೆಯೂ ನಾಲ್ಕು ಜನ ತನ್ನನ್ನು ನೋಡಲಿ ಎಂಬ ಹಂಬಲ ಅಡಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ನಾನು ತಕ್ಕ ಗಾಂಭೀರ್ಯದೊಡನೆ ಮಂಡಿಸಿದಾಗ ನಮ್ಮ ಅಕ್ಕ, ಸಕಲ ಉದ್ಯೋಗಗಳು ಹಾಳಾಗುವುದೂ ಅದೇ ನಾಲ್ಕು ಜನ ನೋಡುವುದರಿಂದಲೇ ಎಂದು ಹೇಳಿ, ಬಾಗಿಲ ಮೇಲೆ ತೂಗುಹಾಕಿಕೊಳ್ಳಲು ಒಂದು ಟಾರ್ಪಾಲಿನ ತುಂಡನ್ನು ಕೊಟ್ಟು ಕಳಿಸಿದಳು. ಅದರ ಮೇಲೆ ಕೊಂಬು, ಕೋರೆಹಲ್ಲು, ಗುಡ್ಡೆಗಣ್ಣು, ಹುರಿಮೀಸೆ ಮತ್ತು ಗದ್ದವನ್ನೂ ಮೀರಿ ಇಳಿದ ಕೆಂಪು ನಾಲಿಗೆಯುಳ್ಳ ಒಂದು ಮುಖವಿದೆ. ಸೇಲಂನ ನನ್ನ ಬಾಡಿಗೆ ಮನೆಗೆ ಬೆಳಗ್ಗೆ ಹಾಲು ತರುವಾತ ಅದನ್ನೇ ನೋಡುತ್ತ ಹುಯ್ಯುವುದರಿಂದ ಪಾತ್ರೆಗೆ ಸಲ್ಲಬೇಕಾದ ಹಾಲಿನಲ್ಲಿ ಒಂದು ಪಾಲು ಹೊಸ್ತಿಲಿಗೆ ಸಲ್ಲುತ್ತಿದೆ. ಮನೆಗೆ ಬೇರೆ ಯಾವ ಕೆಡುಕೂ ಈವರೆಗೆ ತಟ್ಟಿಲ್ಲವೆಂಬುದನ್ನು ನ್ಯಾಯಕ್ಕಾಗಿ ದಾಖಲಿಸಬೇಕು.

ಈ ಮುಖದ ಪೂರ್ವಚರಿತ್ರೆ ಸೇಲಂ ಹತ್ತಿರದ ಶಂಕಗಿರಿಯದು. ಅಲ್ಲಿ ಬೆಟ್ಟದ ಮೇಲೊಂದು ಕೋಟೆಯಿದೆ, ಬೆಟ್ಟದ ಕೆಳಗೆ ಲಾರಿಗಳಿವೆ. ಕೋಟೆಯನ್ನು ನೋಡದೆ ಆಯುಷ್ಯವೆಲ್ಲ ಕಳೆಯಬಹುದು. ಲಾರಿಗಳನ್ನು ನೋಡದೆ ರಸ್ತೆ ದಾಟಿದರೆ ಆಯುಷ್ಯವೇ ಕಳೆಯುತ್ತದೆ. ಅಲ್ಲಿ ನಮ್ಮ ಭಾವ, ಎಂದರೆ ಅಕ್ಕನ ಗಂಡ ಮಾದಪ್ಪನವರು, ಸರಕಿನ ಮೇಲೆ ಹೊದಿಸುವ ಟಾರ್ಪಾಲನ್ನು ಹೊಲಿದು ಮಾರುವ ಅಂಗಡಿ ಇಟ್ಟಿದ್ದರು. ಊರವರ ಬಾಯಲ್ಲಿ ಅದು ತಾರ್ಪಾಯಿ. ದಪ್ಪ ಕ್ಯಾನ್ವಾಸು, ಅಂಚಿಗೆ ಹಿತ್ತಾಳೆಯ ಬಳೆ, ಬಳೆಗೆ ಹಗ್ಗ. ಹೊಲಿಯಲು ನಾಲ್ಕು ಮಂದಿ. ಹೊಸ ಟಾರ್ಪಾಲು ಹೊದ್ದು ಹೊರಟ ಲಾರಿ ಮದುವಣಗಿತ್ತಿಯಷ್ಟೇ ಕಣ್ಣಿಗೆ ಗುರಿಯಾಗುವುದರಿಂದ, ಉಳಿದ ತುಂಡುಗಳ ಮೇಲೆ ಅಕ್ಕ ಬಣ್ಣದಲ್ಲಿ ಒಂದೊಂದು ದೃಷ್ಟಿಮುಖ ಬರೆದು, ಕೊಂಡವರಿಗೆಲ್ಲ ಬಿಟ್ಟಿಯಾಗಿ ಕಟ್ಟಿಕೊಡುತ್ತಿದ್ದಳು. ವರ್ಷಗಳು ಕಳೆದಂತೆ ಆ ಮುಖಕ್ಕೆ ಹರೂರಿನಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿರುವ ಭಾವನ ಅಣ್ಣ ಮುನಿಯಪ್ಪನವರ ಹೋಲಿಕೆ ಬರುತ್ತಿದೆಯೆಂದು ನನಗೆ ಅನ್ನಿಸುತ್ತಿತ್ತು. ಒಮ್ಮೆ ಮೀಸೆಯ ವಿಷಯವನ್ನು ಮೆಲ್ಲಗೆ ಎತ್ತಿದೆ.

"ರಾಕ್ಸಸ ಅಂದ್ಮ್ಯಾಕೆ ಮೀಸೆ ಇರಾಕಿಲ್ವೇನ್ಲಾ?" ಎಂದಳು ಅಕ್ಕ, ಕುಂಚದಿಂದ ಕಣ್ಣು ತೆಗೆಯದೆ. ವಿಚಾರಣೆ ಅಲ್ಲಿಗೆ ಮುಗಿಯಿತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಎಲ್ಲಿಂದಲೋ ನೀಲಿ ಪ್ಲಾಸ್ಟಿಕ್ ಹಾಳೆ ಬಂತು. ಹಗುರ, ಅಗ್ಗ, ಹೊಲಿಗೆ ಬೇಡ. ಭಾವನ ಗಿರಾಕಿಗಳಲ್ಲಿ ಹಿರಿಯರೂ ಹೆಚ್ಚು ಲಾರಿಗಳ ಒಡೆಯರೂ ಆದ ಪೊನ್ನುಸ್ವಾಮಿಯವರು ಮೊದಲು ಅತ್ತ ಹೋದರು. ಉಳಿದವರು ಅವರ ಹಿಂದೆ, ಲಾರಿಯ ಹಿಂದೆ ಲಾರಿ ಹೋಗುವಂತೆ. ಸುದ್ದಿ ಹರೂರಿಗೆ ತಲುಪಿತು. ಮುನಿಯಪ್ಪನವರು ಬಸ್ಸು ಹತ್ತಿ ಬಂದು, ಅಂಗಡಿಯ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಹೇಳಿದರು: "ಮಾದ, ಗುಡಾರ ಒಲ್ದಿದ್ದು ಸಾಕು ಬುಡು. ಅರೂರ್ಗೆ ಬಂದ್ಬುಡು. ಮಂಡೀಲಿ ಮೂಟೆ ನೋಡ್ಕಂಡು ಕುಂತಿರ್ಲಾ, ಉಣ್ಣಾಕೇನ್ ಕಮ್ಮಿ?"

ಆಯುಧಪೂಜೆಯವರೆಗೆ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಬರುತ್ತೇನೆ ಎಂದರು ಭಾವ. ಅಣ್ಣನನ್ನು ಬಸ್ಸು ಹತ್ತಿಸಿ ಬಂದು ನನ್ನೊಡನೆ ಹೇಳಿದ್ದು ಬೇರೆ: "ಅವನ್ ಮಂಡೀಲಿ ಕುಂತ್ಕಂಡು ಉಂಡ್ರೆ ಪಾಯ್ಸಾನೂ ಉಳ್ಳಗಿರ್ತೈತೆ, ಭಾಮೈದ." ಹೊಲಿಯುವ ನಾಲ್ವರೂ ಆ ದಿನ ಸೂಜಿಗೆ ದಾರ ಪೋಣಿಸುವುದರಲ್ಲಿ ಅನಗತ್ಯವಾದ ಏಕಾಗ್ರತೆ ತೋರಿದರು.

ಇಂಥ ಸಂಧಿಕಾಲದಲ್ಲಿ ಕಥೆಯೊಳಗೆ ಇಂಟರ್ನೆಟ್ ಪ್ರವೇಶಿಸುತ್ತದೆ. ಸೇಲಂನಲ್ಲಿ ನನ್ನ ಟ್ಯುಟೋರಿಯಲ್ ಕಾಲೇಜಿನ ಕೆಳಗಿನ ಮಹಡಿಯಲ್ಲಿ ಸೆಲ್ವರಾಜ್ ಎಂಬ ಮಹನೀಯರು ಬಹುಕಾಲ ಟೈಪ್‌ರೈಟಿಂಗ್ ಕಲಿಸುತ್ತಿದ್ದರು. ಆ ಯಂತ್ರಗಳ ಸದ್ದಿನ ಮೇಲೆ ನಾನು ಇಂಗ್ಲಿಷ್ ವ್ಯಾಕರಣವನ್ನು ಕೂಗಿ ಕೂಗಿ ಬೋಧಿಸಿದ್ದರಿಂದಲೇ ನನ್ನ ವಿದ್ಯಾರ್ಥಿಗಳಿಗೆ ಕರ್ಮಣಿ ಪ್ರಯೋಗ ಇಂದಿಗೂ ಒಂದು ಬೈಗುಳವೆಂಬ ಭಾವನೆಯಿದೆ. ಅವರು ಯಂತ್ರಗಳನ್ನು ಮಾರಿ, ಕಂಪ್ಯೂಟರುಗಳನ್ನು ತಂದು, ಬ್ರೌಸಿಂಗ್ ಸೆಂಟರ್ ಎಂಬ ಬೋರ್ಡು ಹಾಕಿದ್ದರು. ಭಾವನ ಸಂಕಟವನ್ನು ಕೇಳಿ, ಒಂದು ವೆಬ್‌ಸೈಟ್ ಮಾಡಿಸಿದರೆ ಗಿರಾಕಿಗಳು ತಾವಾಗಿಯೇ ಬರುತ್ತಾರೆಂದು ಭರವಸೆ ಕೊಟ್ಟರು. "ಉಲಗಮೇ ಪಾಕ್ಕುಂ, ಸಾರ್!" ಲೋಕವೇ ನೋಡುತ್ತದಂತೆ.

ನಾನು ಈ ಮಾತನ್ನು ಶಂಕಗಿರಿಗೆ ಕೊಂಡೊಯ್ದು ಶುಭವಾರ್ತೆಯೆಂದು ನಿವೇದಿಸಿದೆ. ಅಕ್ಕನ ಮುಖ ಬಿಳಿಚಿಕೊಂಡಿತು.

"ಲೋಕ್ವೆಲ್ಲಾ ನೋಡ್ತದಾ? ನಮ್ಮ್ ಬೀದಿ ಜನ ನೋಡಿದ್ಕೇ ಅಂಗ್ಡಿ ಇಂಗಾಗೈತೆ. ಲೋಕ್ವೆಲ್ಲಾ ನೋಡಿದ್ರೆ ಗೋಡೆ ನಿಂತ್ಕತದಾ, ಲೇ?"

ವ್ಯಾಪಾರವೆಂದರೆ ನೋಡಿಸಿಕೊಳ್ಳುವುದೇ ಎಂದು ಭಾವ. ನೋಡಿಸಿಕೊಂಡು ಉಳಿದವರು ಯಾರೆಂದು ಅಕ್ಕ. ಜಾಹೀರಾತು ಶಾಸ್ತ್ರದ ಈ ಮೂಲಭೂತ ಸಮಸ್ಯೆಯನ್ನು ದೊಡ್ಡ ದೊಡ್ಡ ಕಂಪನಿಗಳು ಪರಿಶೀಲಿಸಿದಂತೆ ಕಾಣುವುದಿಲ್ಲ. ನಮ್ಮಲ್ಲಿ ಒಂದು ಊಟದ ಹೊತ್ತಿನಲ್ಲಿ ಒಪ್ಪಂದವಾಯಿತು: ಲೋಕ ಬಂದು ನೋಡಲಿ, ಆದರೆ ಅದರ ಕಣ್ಣು ಮೊದಲು ದೃಷ್ಟಿಮುಖದ ಮೇಲೆ ಬೀಳಲಿ. ಪುಟದ ನೆತ್ತಿಯ ಮೇಲೆ ಆ ಮುಖ, ದೊಡ್ಡದಾಗಿ. ಅದರ ಕೆಳಗೆ ಟಾರ್ಪಾಲುಗಳ ಚಿತ್ರ. ಅದಕ್ಕೂ ಕೆಳಗೆ ನಾನು ಬರೆದ ಇಂಗ್ಲಿಷ್ ವಿವರಣೆ. ಒಂದೇ ವಾಕ್ಯವಾಗಿದ್ದರೂ ಅದರ ಕ್ರಿಯಾಪದವನ್ನು ತಲುಪಲು ಎರಡು ಬಾರಿ ಉಸಿರು ತೆಗೆದುಕೊಳ್ಳಬೇಕಾಗಿತ್ತು. ಎಲ್ಲಕ್ಕೂ ಕೆಳಗೆ ಬಂದವರನ್ನು ಎಣಿಸುವ ಒಂದು ಯಂತ್ರ. ಸೊನ್ನೆಯಿಂದ ಆರಂಭಿಸುವುದು ಅಶುಭವೆಂದು ಸೆಲ್ವರಾಜರು ಅದನ್ನು ಸಾವಿರದ ಒಂದರಿಂದ ಆರಂಭಿಸಿದ್ದರು. ಬಿಟ್ಟಿಯಾಗಿ ಹೆಸರು ಸೇರಿಸಿಕೊಳ್ಳುವ ಜಗತ್ತಿನ ಎಲ್ಲ ಪಟ್ಟಿಗಳಲ್ಲೂ ಅವರು ನಮ್ಮನ್ನು ಸೇರಿಸಿದರು: ಸಾರಿಗೆಯಲ್ಲಿ, ಬಟ್ಟೆಬರೆಯಲ್ಲಿ, ಕಲೆಯಲ್ಲಿ, ಧರ್ಮದಲ್ಲಿ.

ಮುಂದಿನ ಅಮಾವಾಸ್ಯೆಗೆ ಅಕ್ಕ ಭಾವನೊಡನೆ ಸೇಲಂಗೆ ಬಂದು, ನಮ್ಮ ಪುಟ ತೆರೆದಿದ್ದ ಕಂಪ್ಯೂಟರಿಗೆ ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ, ತಾನೇ ತಂದಿದ್ದ ಕೆಂಡದ ಬಟ್ಟಲಿಗೆ ಹಾಕಿದಳು. ತಿಳಿಯದವರಿಗಾಗಿ ಹೇಳುತ್ತೇನೆ: ಮೆಣಸಿನಕಾಯಿ ಘಾಟು ಹೊಡೆದರೆ ಯಾರ ಕಣ್ಣೂ ಬಿದ್ದಿಲ್ಲ, ಘಾಟು ಬರದಿದ್ದರೆ ಬಿದ್ದಿದೆ, ಮೆಣಸಿನಕಾಯಿ ಅದನ್ನು ನುಂಗಿದೆ. ಅಂದು ಎಂಥ ಘಾಟೆಂದರೆ, ಬ್ರೌಸ್ ಮಾಡುತ್ತಿದ್ದವರೆಲ್ಲ ಕೆಮ್ಮುತ್ತ ಬೀದಿಗೆ ಓಡಿದರು. ಮೇಲಿನ ಮಹಡಿಯಲ್ಲಿ ನನ್ನ ತರಗತಿಯೂ ವಿಸರ್ಜನೆಗೊಂಡಿತು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಪರಮ ಸಂತೋಷದಿಂದ, "ಒಬ್ರ ಕಣ್ಣೂ ಬಿದ್ದಿಲ್ಲ" ಎಂದಳು. ಭಾವ ಕಣ್ಣೊರೆಸಿಕೊಳ್ಳುತ್ತ ಪರಮ ದುಃಖದಿಂದ, "ಅಂಗಾರೆ ಒಬ್ರೂ ನೋಡಿಲ್ಲ" ಎಂದರು. ಎಣಿಕೆಯ ಯಂತ್ರ ಬೇರೆಯೇ ಹೇಳುತ್ತಿತ್ತು. ಆದರೆ ಅದನ್ನು ಏರಿಸುತ್ತಿದ್ದವರು ದಿನವೂ ಪುಟ ತೆರೆದು ನೋಡುತ್ತಿದ್ದ ಸೆಲ್ವರಾಜ್ ಮತ್ತು ನಾನು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಕ್ಕನಿಗೆ ಆ ಸೆಂಟರಿನೊಳಗೆ ಪ್ರವೇಶ ನಿಷಿದ್ಧವಾಯಿತು. ಆಮೇಲೆ ಅವಳು ಪುಟದ ಅಚ್ಚುಪ್ರತಿಯೊಂದನ್ನು ಅಂಗಡಿಯ ಗೋಡೆಗೆ ಅಂಟಿಸಿ ಅದಕ್ಕೇ ನಿವಾಳಿಸತೊಡಗಿದಳು.

ಎರಡು ಅಮಾವಾಸ್ಯೆ ಘಾಟಿನಲ್ಲೇ ಕಳೆದವು. ಮೂರನೆಯದರಂದು ಮೆಣಸಿನಕಾಯಿ ಸುಟ್ಟು ಕರಕಾದರೂ ಯಾರಿಗೂ ಸೀನು ಬರಲಿಲ್ಲ. ಅಕ್ಕ ಎದೆ ಹಿಡಿದುಕೊಂಡು ಕುಳಿತಳು. ಆ ವಾರವೇ ಮೊದಲ ಇ-ಮೇಲ್ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನಾನು ಆಗಲೂ ವಾದಿಸಿದೆ, ಈಗಲೂ ವಾದಿಸುತ್ತೇನೆ; ಯಾರೂ ಕೇಳುವುದಿಲ್ಲ.

ಬರೆದಾಕೆ ಯಾವುದೋ ಶೀತಲ ದೇಶದಲ್ಲಿ ಹೋಟೆಲು ನಡೆಸುವ ಹೆಂಗಸು. ನಿಮ್ಮ ಪುಟದಲ್ಲಿರುವ ಮಹಾಶಯರ ಬೆಲೆಯೇನು, ನಮ್ಮ ಬಾಗಿಲಿಗೆ ಬೇಕಾಗಿದ್ದಾರೆ ಎಂದು ಕೇಳಿದ್ದಳು. ಪತ್ರವ್ಯವಹಾರದ ಹೊಣೆ ನನ್ನದು. ಆಕೆಯ ಕೃಪಾಪತ್ರವನ್ನು ಉಲ್ಲೇಖಿಸಿ, ಕ್ಯಾನ್ವಾಸಿನ ದಪ್ಪ, ಹಗ್ಗದ ಗಟ್ಟಿತನ, ಮಳೆಗೆ ತಡೆಯುವ ಗುಣ ಇತ್ಯಾದಿಗಳನ್ನು ಸವಿಸ್ತಾರವಾಗಿ ನಿರೂಪಿಸಿ ಉತ್ತರಿಸಿದೆ. ಟಾರ್ಪಾಲು ಬೇಡ, ಮಹಾಶಯರು ಬೇಕು ಎಂದು ಮರುದಿನವೇ ಬಂತು. ಅಷ್ಟರಲ್ಲಿ ಬೇರೆ ದೇಶಗಳಿಂದ ಇನ್ನೂ ಕೆಲವರು ಅದನ್ನೇ ಕೇಳಿದ್ದರು. ಟಾರ್ಪಾಲಿನ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಕಾರಣವನ್ನು ಸೆಲ್ವರಾಜರು ಬೆರಳಿಟ್ಟು ತೋರಿಸಿದರು. ಟೆಲಿಫೋನ್ ತಂತಿಯಲ್ಲಿ ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಬೇಕು: ಮೊದಲು ಕೊಂಬು, ಆಮೇಲೆ ಹುಬ್ಬು, ಬಹಳ ಹೊತ್ತಿನ ಮೇಲೆ ಕಣ್ಣು, ಮೀಸೆ, ಹಲ್ಲು. ನಾಲಿಗೆ ಪೂರ್ತಿ ಹೊರಬರುವಷ್ಟರಲ್ಲಿ ನೋಡುವವರ ತಾಳ್ಮೆಯೋ ತಂತಿಯೋ ಎರಡರಲ್ಲೊಂದು ಕಡಿಯುತ್ತಿತ್ತು. ಟಾರ್ಪಾಲಿನವರೆಗೆ, ನನ್ನ ವಾಕ್ಯದವರೆಗಂತೂ, ಲೋಕ ತಲುಪಿರಲೇ ಇಲ್ಲ.

ಶಂಕಗಿರಿಗೆ ಹೋಗಿ, ಹಾಗಾದರೆ ಮುಖವನ್ನೇ ಮಾರೋಣ ಎಂದೆ. ಆಯುಧಪೂಜೆ ಹತ್ತಿರವಾಗುತ್ತಿತ್ತು. ಅಕ್ಕ ಕುಂಚ ಕೆಳಗಿಟ್ಟಳು.

"ದಿಷ್ಟಿ ಮಕಕ್ಕೆ ಕಾಸು ಇಸ್ಕಂಡ್ರೆ ಆ ದಿಷ್ಟಿ ನಮ್ಮನೇಗೇ ಬಂದು ಕುಂತ್ಕತದೆ. ಕೊಟ್ರೆ ಸುಮ್ಕೆ ಕೊಡ್ತೀನಿ, ಮಾರಾಕಿಲ್ಲ."

"ಸುಮ್ಕೆ ಕೊಟ್ಕಂಡು ಅರೂರ್ಗೆ ಓಗನಾ?" ಎಂದರು ಭಾವ.

"ತಾರ್ಪಾಯಿ ತಕಂಡೋರ್ಗೆ ಕೊಡ್ತಿರ್ಲಿಲ್ವಾ? ಅಂಗೇ ಕೊಡು."

ಹೋಟೆಲಿನ ಬಾಗಿಲಿಗೆ ಲಾರಿ ಮುಚ್ಚುವ ಟಾರ್ಪಾಲನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಭಾವ ಹೊಲಿಯುವವರ ಕಡೆ ತಿರುಗಿ, ಧರ್ಮವಾಗಿ ಟಾರ್ಪಾಲೆಂದು ಕರೆಯಬಹುದಾದ ಅತ್ಯಂತ ಸಣ್ಣ ವಸ್ತು ಯಾವುದೆಂದು ಕೇಳಿದರು. ಗಹನವಾದ ಚರ್ಚೆ ನಡೆಯಿತು. ಅಂಚು ಮಡಿಸಿ ಹೊಲಿದಿರಬೇಕು, ಮೂಲೆ ಮೂಲೆಗೂ ಹಿತ್ತಾಳೆಯ ಬಳೆ ಇರಬೇಕು, ಕಟ್ಟಲು ಹಗ್ಗವಿರಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಬರೀ ಬಟ್ಟೆ ಎಂದು ತೀರ್ಮಾನವಾಯಿತು. ಹಾಗೆ ಸಿದ್ಧವಾದದ್ದು ಕೈಯೊರೆಸುವ ಟವೆಲಿನಷ್ಟು ಅಗಲದ, ಸರ್ವಲಕ್ಷಣಸಂಪನ್ನವಾದ ಒಂದು ಟಾರ್ಪಾಲು. ಅದರಿಂದ ಮುಚ್ಚಬಹುದಾದ ಲಾರಿ ಇನ್ನೂ ತಯಾರಾಗಿಲ್ಲ. ಟಾರ್ಪಾಲು ಕೊಂಡವರಿಗೆ ಮುಖ ಉಚಿತ ಎಂದು ನಾನು ಎಲ್ಲರಿಗೂ ಬರೆದೆ. ಎಲ್ಲರೂ ಕೊಂಡರು. ಹೋಟೆಲಿನಾಕೆ ಮಾತ್ರ, ಜೊತೆಯಲ್ಲಿ ಬಂದ ವಸ್ತುವಿನ ಉಪಯೋಗವೇನೆಂದು ಕೇಳಿದಳು. ಸರಕನ್ನು ಮಳೆಯಿಂದ ಕಾಪಾಡುವುದು ಎಂದು ಉತ್ತರಿಸಿದೆ. ಅದರ ಮೇಲೆ ನಾಯಿ ಮಲಗುತ್ತದೆ ಎಂದು ಆಕೆ ತಿಳಿಸಿದಳು. ಗಿರಾಕಿಗಳೊಡನೆ ವಾದಕ್ಕಿಳಿಯಬಾರದೆಂಬ ವ್ಯಾಪಾರನೀತಿಯನ್ನು ನಾನು ಅಷ್ಟರಲ್ಲಿ ಕಲಿತಿದ್ದೆ.

ಆದರೆ ಒಂದಿಷ್ಟು ಟವೆಲು ಹೊಲಿದು ನಾಲ್ಕು ಸಂಸಾರ ನಡೆಯುವುದಿಲ್ಲ. ನಡೆದದ್ದು ಹೀಗೆ: ಪಾರ್ಸೆಲುಗಳನ್ನು ಅಂಚೆ ಕಚೇರಿಗೆ ಒಯ್ಯುವ ದಾರಿಯಲ್ಲಿ ಒಂದು ಟೀ ಅಂಗಡಿಯಿದೆ, ಅಲ್ಲಿ ಲಾರಿಯವರು ಕೂರುತ್ತಾರೆ, ಭಾವ ಮಾತುಗಾರರು. ಮಾದಪ್ಪನ ಮುಖ ಫಾರಿನ್ನಿಗೆ ಹೋಗುತ್ತಿದೆ ಎಂಬ ಸುದ್ದಿ ಶಂಕಗಿರಿಯ ಲಾರಿಗಳೊಡನೆ ಊರೂರು ಸುತ್ತಿ ಮತ್ತೆ ಶಂಕಗಿರಿಗೇ ಬಂತು. ಫಾರಿನ್ನಿನವರೇ ಹೆದರಿ ಕಟ್ಟಿಕೊಳ್ಳುವ ಮುಖ ತಮ್ಮ ಗಾಡಿಗೆ ಇಲ್ಲವೆಂದು ಪೊನ್ನುಸ್ವಾಮಿಯವರ ಡ್ರೈವರುಗಳು ಮುಖ ಸಪ್ಪೆ ಮಾಡಿದರು. ನೀಲಿ ಪ್ಲಾಸ್ಟಿಕ್ ಹಾಳೆಯ ಜೊತೆ ಏನೂ ಉಚಿತವಾಗಿ ಬರುತ್ತಿರಲಿಲ್ಲ. ಒಂದು ಬೆಳಗ್ಗೆ ಪೊನ್ನುಸ್ವಾಮಿಯವರೇ ಬಂದು ಬೆಂಚಿನ ಮೇಲೆ ಕುಳಿತರು.

"ಎನ್ನ ಮಾದಪ್ಪಾ, ಫಾರಿನ್‌ಕಾರನ್ಗೆ ಮಾತ್ರ ದಾನಾ? ನಮ್ ವಂಡಿಗೆ ಇಲ್ಲಿಯಾ?" ಫಾರಿನ್ನಿನವರಿಗೆ ಮಾತ್ರವೇ, ನಮ್ಮ ಗಾಡಿಗೆ ಇಲ್ಲವೇ ಎಂದು.

"ತಾರ್ಪಾಯಿ ತಕಂಡ್ರೆ ಐತೆ, ಅಣ್ಣಾ," ಎಂದರು ಭಾವ, ತಗ್ಗಿದ ದನಿಯಲ್ಲಿ, ನೆಲ ನೋಡುತ್ತ. ಆ ವಿನಯವನ್ನು ಅವರು ಎಷ್ಟು ತಿಂಗಳಿಂದ ಕೂಡಿಟ್ಟಿದ್ದರೋ.

ಆಯುಧಪೂಜೆಯ ದಿನ ಮುನಿಯಪ್ಪನವರು ತಮ್ಮನ ಸಾಮಾನು ಸಾಗಿಸಲೆಂದು ಹರೂರಿನಿಂದ ಟೆಂಪೋ ತಂದರು. ಅಂಗಡಿಯ ಮುಂದೆ ಟಾರ್ಪಾಲಿಗೆ ಕಾದ ಲಾರಿಗಳಿದ್ದುದರಿಂದ ಟೆಂಪೋ ನಿಲ್ಲಿಸಲು ಜಾಗ ಸಿಗಲಿಲ್ಲ. ನಡೆದು ಒಳಗೆ ಬಂದವರು ಗೋಡೆಯ ಮೇಲಿದ್ದ ದೊಡ್ಡ ಮುಖದ ಕೆಳಗೇ ನಿಂತರು. ಮೇಲೊಂದು, ಕೆಳಗೊಂದು. ನಾಲ್ಕು ಹೊಲಿಗೆ ಯಂತ್ರಗಳೂ ಒಟ್ಟಿಗೆ ನಿಂತವು. ಮುನಿಯಪ್ಪನವರು ತಲೆಯೆತ್ತಿ ಬಹಳ ಹೊತ್ತು ನೋಡಿದರು.

"ಈ ಮಕ ಎಲ್ಲೋ ನೋಡ್ದಂಗೈತಲ್ಲ, ತಾಯಿ."

"ಲಾರಿ ಮ್ಯಾಗೆ ನೋಡಿರ್ತೀರ, ಬಾವ. ಕಾಪಿ ತತ್ತೀನಿ ಇರಿ," ಎಂದು ಅಕ್ಕ ಒಳಗೆ ಹೋದಳು. ಕಾಫಿ ಬರಲು ಎಂದಿಗಿಂತ ತಡವಾಯಿತು.

ಮುನಿಯಪ್ಪನವರು ಕಾಫಿ ಕುಡಿದು, ಲಾರಿಗಳನ್ನು ಇನ್ನೊಮ್ಮೆ ನೋಡಿ, "ಮಕದಾಗೆ ಒಂದು ಕಳೆ ಐತೆ ಕಣ್ಲಾ, ಮಾದ" ಎಂದರು. ತಮ್ಮ ಮಂಡಿಗೂ ಒಂದು ಬೇಕೆಂದರು. ನಿಯಮದಂತೆ ಒಂದು ಟಾರ್ಪಾಲು ಕೊಂಡರು, ದೊಡ್ಡ ಅಳತೆಯದೇ. ಟೆಂಪೋ ಅದನ್ನು ಹೊತ್ತುಕೊಂಡು ಹಿಂತಿರುಗಿತು. ಹರೂರಿನ ಮಂಡಿಯ ಬಾಗಿಲಲ್ಲಿ ಆ ಮುಖವೂ ಅದರ ಕೆಳಗೆ ಅವರೂ ಈಗ ಜೊತೆಯಾಗಿ ಕುಳಿತಿರುತ್ತಾರೆಂದೂ, ಚೌಕಾಸಿಗೆ ಬಂದವರು ಯಾರ ಕಡೆ ನೋಡಿ ಮಾತಾಡುವುದೆಂದು ತಿಳಿಯದೆ ಬೇಗ ಒಪ್ಪಿಕೊಳ್ಳುತ್ತಾರೆಂದೂ ಕೇಳಿದ್ದೇನೆ.

ಲೋಕದ ಕಣ್ಣನ್ನು ಬೇರೆಡೆ ತಿರುಗಿಸಲೆಂದು ನಾವು ಹೊರಗೆ ತೂಗುಹಾಕಿದ್ದನ್ನೇ ಲೋಕ ಬಂದು ನೋಡುತ್ತದೆ. ನೋಡಲೆಂದು ಕಷ್ಟಪಟ್ಟು ಬರೆದ ವಾಕ್ಯ ಕ್ರಿಯಾಪದದವರೆಗೂ ಒಂಟಿಯಾಗಿಯೇ ಉಳಿಯುತ್ತದೆ. ಇದರಿಂದ ಯಾರಿಗಾದರೂ ನೀತಿ ಬೇಕಿದ್ದರೆ ತೆಗೆದುಕೊಳ್ಳಬಹುದು. ನನಗೆ ಬೆಳಗಿನ ಹಾಲಿನ ಚಿಂತೆಯಿದೆ. ಮುಖದ ಜೊತೆ ಅಕ್ಕ ಕಳಿಸಿದ್ದ ಪುಟ್ಟ ಟಾರ್ಪಾಲನ್ನು ಇಷ್ಟು ದಿನ ಬೀರುವಿನಲ್ಲಿ ಇಟ್ಟಿದ್ದೆ. ನಿನ್ನೆ ಅದನ್ನು ತೆಗೆದು ಹೊಸ್ತಿಲ ಮೇಲೆ ಹಾಸಿದೆ. ಹಾಲಿನವನು ಎಂದಿನಂತೆ ಮೇಲೆ ನೋಡುತ್ತ ಹುಯ್ದ. ಚೆಲ್ಲಿದ ಹಾಲು ಟಾರ್ಪಾಲನ್ನು ದಾಟಿ ಒಂದು ಹನಿಯೂ ಕೆಳಗೆ ಇಳಿಯಲಿಲ್ಲ.

ಭಾವ ಹರೂರಿಗೆ ಹೋಗಲಿಲ್ಲ. ಅಂಗಡಿ ಶಂಕಗಿರಿಯಲ್ಲೇ ಇದೆ. ಅಲ್ಲಿ ಟಾರ್ಪಾಲು ಸಿಗುತ್ತದೆ.