ಟೀವಿಯ ಹಣೆಗೆ ಮೂರು ಗೆರೆ

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಹಿಂದೂಪುರದಲ್ಲಿ ಬಸ್ಸು ಹತ್ತಿದರೆ ಸೋಮಂದೇಪಲ್ಲಿ ಬರುವಷ್ಟರಲ್ಲಿ ಕಿಟಕಿ ಸೀಟು, ಹಿಂದಿನ ಸೀಟು, ಡ್ರೈವರ್ ಪಕ್ಕದ ಬಾನೆಟ್ಟು, ಎಲ್ಲವನ್ನೂ ಒಂದೊಂದು ಸಲ ಬಿಸಿ ಮಾಡಿರುತ್ತೇನೆ. ಮಾತಿನಲ್ಲೂ ಅಷ್ಟೇ. ವಾಕ್ಯವನ್ನು ನನ್ನ ದನಿಯಲ್ಲಿ ಶುರು ಮಾಡಿ, ನಡುವೆ ಕಂಡಕ್ಟರ್ ಆಗಿ, ನಮ್ಮಪ್ಪನ ಕೆಮ್ಮಿನಲ್ಲಿ ಮುಗಿಸುತ್ತೇನೆ. “ಇವ್ನ ಅಂಡ್ನಾಗೆ ಚೇಳೈತೆ” ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಆ ಚೇಳಿಗೂ ಒಂದು ಬೆಲೆ ಉಂಟೆಂದು ನನಗೆ ಗೊತ್ತಾದದ್ದು ಟೀವಿಯಲ್ಲಿ ವಿಡಿಯೋ ಗೇಮ್ ಆಡಲು ಶುರುಮಾಡಿದ ಮೇಲೆ.

ಟೀವಿಗೆ ಕದಲದ ವಸ್ತು ಕಂಡರೆ ಆಗದು. ಒಂದೇ ಚಿತ್ರ ಒಂದೇ ಜಾಗದಲ್ಲಿ ಬಹಳ ಹೊತ್ತು ಉರಿದರೆ ಅದರ ನೆರಳು ಪರದೆಗೆ ಅಂಟಿಬಿಡುತ್ತದೆ. ಹಳೆ ಕ್ಯಾಲೆಂಡರ್ ತೆಗೆದ ಮೇಲೂ ಗೋಡೆಯ ಮೇಲೆ ಚೌಕ ಉಳಿಯುತ್ತದಲ್ಲ, ಹಾಗೆ. ನಮ್ಮ ಸೀರೆ ಅಂಗಡಿಯ ಹಳೆ ಟೀವಿಯಲ್ಲಿ ಅಪ್ಪ ಬೆಳಗಿಂದ ಸಂಜೆಯವರೆಗೆ ತೆಲುಗು ವಾರ್ತೆ ಹಾಕಿ ಹಾಕಿ, ಕೆಳಗಿನ ಕೆಂಪು ಪಟ್ಟಿ ಅಲ್ಲೇ ಮನೆ ಮಾಡಿಕೊಂಡಿದೆ. ಈಗ ಯಾವ ದೇವರು ಪ್ರತ್ಯಕ್ಷವಾದರೂ ಬ್ರೇಕಿಂಗ್ ನ್ಯೂಸ್ ಮೇಲೆಯೇ ನಿಂತಿರುತ್ತಾನೆ.

ಇದನ್ನು ಕಣ್ಣಾರೆ ಕಂಡಿದ್ದವರು ನಮ್ಮ ಭಾವ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ. ಅಕ್ಕನ ಗಂಡ ಎನ್ನುವುದಕ್ಕಿಂತ ಈಚೆಗೆ ನಾನು ಅವರನ್ನು ಗೋಡೆಯಷ್ಟಗಲದ ಹೊಸ ಟೀವಿಯ ಯಜಮಾನರೆಂದೇ ಗೌರವಿಸುತ್ತೇನೆ. ಗೇಮ್ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ನಾನು ಬಾಗಿಲಲ್ಲಿ ನಿಂತಾಗ ಭಾವ ಫೋನಿನಲ್ಲಿ ಯಾರೋ ರೈತನ ಜೊತೆ ತೆಲುಗಿನಲ್ಲಿ ಜಗಳ ಮುಗಿಸಿ, ಅದೇ ಬಿಸಿಯಲ್ಲಿ ನನ್ನ ಕಡೆ ತಿರುಗಿದರು.

“ಏಮಪ್ಪಾ, ಆಡು. ಬ್ಯಾಡ ಅನ್ನಲ್ಲ. ಆದ್ರೆ ನಿಮ್ಮಪ್ಪನ ಟೀವಿ ಥರ ಮಚ್ಚೆ ಬಿತ್ತು ಅಂದ್ರೆ, ನಿನ್ನನ್ನ ಏನೂ ಕೇಳಲ್ಲ. ನಿಮ್ಮಕ್ಕನ್ನ ಕೇಳ್ತೀನಿ.”

“ನನ್ ತಮ್ಮ ಹಂಗೆಲ್ಲ ಮಾಡಲ್ಲ” ಎಂದಳು ಅಕ್ಕ. ಹೇಳುವಾಗ ನನ್ನನ್ನು ನೋಡಿದ ರೀತಿ ಮಾತ್ರ ಬೇರೆ ಇತ್ತು. ಗಂಡನ ಮನೆಯಲ್ಲಿ ‘ನಿನ್ ತಮ್ಮ’ ಎಂಬುದು ಒಮ್ಮೆ ಬೈಗುಳವಾದರೆ ಮುಗಿಯಿತು, ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಹೊರಬರುತ್ತದೆ.

ಹಾಗಾಗಿ ಬಲು ಎಚ್ಚರದಿಂದ ಆಡಿದೆ. ನನ್ನ ಆಟದಲ್ಲಿ ಪರದೆಯ ಎಡ ಮೇಲ್ಮೂಲೆಯಲ್ಲಿ ಮೂರು ಬಿಳಿ ಗೆರೆ ಸದಾ ಇರುತ್ತವೆ. ಒಂದು ವೀರನ ಪ್ರಾಣ, ಒಂದು ದಮ್ಮು, ಒಂದು ಮಂತ್ರಶಕ್ತಿ. ಅವನ್ನು ಮರೆಮಾಡಿ ಆಡಿದರೆ ಪ್ರಾಣ ಎಷ್ಟಿದೆಯೆಂದು ತಿಳಿಯದೆ ವೀರ ಮಾತಿನ ಮಧ್ಯೆಯೇ ಸಾಯುತ್ತಿದ್ದ. ಮರೆಮಾಡದಿದ್ದರೆ ಅಕ್ಕನ ಸಂಸಾರಕ್ಕೆ ಅಪಾಯ. ಬೆಳಕು ತಗ್ಗಿಸಿದೆ. ಆಗಾಗ ಎದ್ದು ಆಟ ಬದಲಾಯಿಸಿದೆ, ಹಾಡು ಹಾಕಿದೆ, ಮತ್ತೆ ಆಟ ಹಾಕಿದೆ. ನಮ್ಮ ಅಲಂಕಾರಶಾಸ್ತ್ರಜ್ಞರು ಭಾವಗಳನ್ನು ಸ್ಥಾಯಿ, ಸಂಚಾರಿ ಎಂದು ವಿಂಗಡಿಸಿ ಸ್ಥಾಯಿಗೇ ಪಟ್ಟ ಕಟ್ಟಿದ್ದಾರೆ. ಅವರ ಮನೆಯಲ್ಲಿ ಇಂಥ ಟೀವಿ ಇರಲಿಲ್ಲ, ಪಾಪ. ಇದ್ದಿದ್ದರೆ ಸಂಚಾರಿಯ ಕಾಲಿಗೆ ಬೀಳುತ್ತಿದ್ದರು.

ಅಡ್ಡಿ ಬಂದದ್ದು ಅತ್ತೆಯಿಂದ, ಅಂದರೆ ಭಾವನ ತಾಯಿಯಿಂದ. ಹಣೆ ತುಂಬ ವಿಭೂತಿ ಧರಿಸುವ ಈಕೆಗೆ ಗೋಡೆಯ ಸ್ವಿಚ್ಚು ಕಂಡರೆ ಕೈ ತುರಿಸುತ್ತದೆ. ಯಾರಾದರೂ ಕೋಣೆಯಿಂದ ಎದ್ದರೆ ಸಾಕು, ಟಪ್. ಈ ಜಾತಿಯ ಟೀವಿಯಾದರೋ ರಿಮೋಟಿನಲ್ಲಿ ಆರಿಸಿದ ಮೇಲೆ ಮಲಗಿದಂತೆ ನಟಿಸುತ್ತ, ಒಳಗೊಳಗೇ ತನ್ನ ಪರದೆ ಉಜ್ಜಿಕೊಳ್ಳುತ್ತದೆ. ಗೋಡೆಯಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಇದನ್ನು ಅತ್ತೆಗೆ ದಿನಾ ವಿವರಿಸುತ್ತಿದ್ದೆ.

“ಮಲಗಾಕೂ ಕರೆಂಟ್ ಬೇಕೇನ್ಲಾ ಇದ್ಕೆ? ನಿನ್ನಂಗೇ ಐತೆ” ಎಂದು ಅತ್ತೆ ಟಪ್ ಎನ್ನಿಸುತ್ತಿದ್ದರು.

ಒಂದು ಸೋಮವಾರ ಭಾವ ಬೆಳುಗುಪ್ಪಕ್ಕೆ ಮಾಲು ನೋಡಲು ಹೋದರು. ಸಂಜೆ ಕ್ರಿಕೆಟ್ ಮ್ಯಾಚಿಗೆ ಬಂದುಬಿಡುವುದಾಗಿ ಹೇಳಿದ್ದರು. ನಾನು ಬೆಳಕು ಪೂರ್ತಿ ಏರಿಸಿ, ತಾನೇ ಮಬ್ಬಾಗುವ ಏರ್ಪಾಡನ್ನೂ ತೆಗೆದು ಆಡುತ್ತಿದ್ದೆ. ಗುಹೆಯೊಳಗಿನ ರಾಕ್ಷಸ ಕಾಣಬೇಕಲ್ಲ. ಊಟಕ್ಕೆ ಕರೆದರು. ಆಟವನ್ನು ಪರದೆಯ ಮೇಲೆ ಇದ್ದಂತೆಯೇ ನಿಲ್ಲಿಸಿ, ಎರಡು ತುತ್ತು ನುಂಗಿ ಬರುತ್ತೇನೆಂದು ಅಡುಗೆಮನೆಗೆ ಹೋದೆ. ಮುದ್ದೆ ಮುರಿಯುವಾಗ ಅತ್ತೆ, “ಲೋ, ನನ್ ಮಗ ಕಡ್ಲೆಕಾಯಿ ಬ್ಯಾರ ಮಾಡೋದ ಒಸಿ ಮಾಡಿ ತೋರ್ಸ್ಲಾ” ಎಂದರು.

ಮಾಡಿದೆ. ಭಾವ ಕಡಲೆಕಾಯಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಲೇದಪ್ಪಾ, ಗಟ್ಟಿಯಿಲ್ಲ” ಎಂದು ಮುಖ ಹುಳಿ ಮಾಡುವುದು. ಅಷ್ಟು ಹೇಳುತ್ತಲೇ ಇನ್ನೊಂದು ಹಿಡಿ ತಿನ್ನುವುದು. ಅತ್ತೆ ಗೋಡೆಯ ಸ್ವಿಚ್ಚನ್ನೂ ಮರೆತು, ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಇನ್ನೊಂದು ಎಂದರು, ಮತ್ತೊಂದು ಎಂದರು. ನಗುವವರು ಸಿಕ್ಕರೆ ಚೇಳು ಕೂಡ ನಿದ್ದೆ ಹೋಗುತ್ತದೆ. ಹುಟ್ಟಿದ ಮೇಲೆ ಮೊದಲ ಸಲ ಇಡೀ ಮಧ್ಯಾಹ್ನ ಒಂದೇ ಕಡೆ ಕೂತೆ.

ಬಿಸಿಲು ಇಳಿದಾಗ ನೆನಪಾಯಿತು. ಓಡಿಹೋಗಿ ಆಟ ಆರಿಸಿದೆ. ವೀರ ಹೋದ, ಗುಹೆ ಹೋಯಿತು, ಗೆರೆಗಳು ಹೋಗಲಿಲ್ಲ. ಮಸುಕಾಗಿ, ಒಂದರ ಕೆಳಗೊಂದು, ಮೂರು. ಹಾಡು ಹಾಕಿದರೆ ಹಾಡುವವಳ ಜಡೆಯ ಮೇಲೆ ಮೂರು. ಅಕ್ಕ ಬಂದು ನೋಡಿದಳು. ಬೈಯಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಬೈದಿದ್ದರೆ ಅವಳ ದನಿಯಲ್ಲೇ ತಿರುಗಿಸಿ ಬೈದು ನಗಿಸಬಹುದಿತ್ತು. ಸುಮ್ಮನಿರುವವರನ್ನು ಅನುಕರಿಸುವ ವಿದ್ಯೆ ನನಗೆ ಇನ್ನೂ ಒಲಿದಿಲ್ಲ. ಹೊರಗೆ ಭಾವನ ಬೈಕಿನ ಸದ್ದಾಯಿತು.

ಅತ್ತೆ ಒಮ್ಮೆ ಪರದೆ ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು. “ಆರ್ಸ್ಲಾ ಅದ್ನ” ಎಂದರು. ರಿಮೋಟು ಒತ್ತಿದೆ. ಅತ್ತೆ ದೇವರ ಗೂಡಿನಿಂದ ವಿಭೂತಿ ತಂದು, ನೀರಲ್ಲಿ ಬೆರಳದ್ದಿ, ಕತ್ತಲಾದ ಪರದೆಯ ಎಡ ಮೇಲ್ಮೂಲೆಯಲ್ಲಿ ಎಳೆದರು. ಮೂರು ಗೆರೆ. ನಡುವೆ ಒಂದು ಕುಂಕುಮದ ಬೊಟ್ಟು.

ಭಾವ ಒಳಗೆ ಬಂದವರು ನಿಂತೇ ಬಿಟ್ಟರು. “ಅಮ್ಮಾ, ಏನಿದು?”

“ಸ್ವಾಮಾರ ಕಣಪ್ಪ. ತಕ್ಕಡಿಗೆ ಹಚ್ತೀಯ, ಬೈಕಿಗೆ ಹಚ್ತೀಯ. ಇದೇನ್ ಪಾಪ ಮಾಡೈತೆ?”

“ಮ್ಯಾಚ್ ಐತಮ್ಮ.”

“ಫೋನ್ನಾಗೆ ನೋಡ್ಕ. ಪೂಜೆ ಮಾಡಿದ್ದನ್ನ ಬೆಳಗಾಗೋಗಂಟ ಮುಟ್ಟಂಗಿಲ್ಲ.”

ಭಾವ ಹತ್ತಿರ ಹೋಗಿ ಬಗ್ಗಿ ನೋಡಿದರು. “ನಡುವೆ ಬಿಟ್ಟು ಮೂಲೆಗ್ಯಾಕೆ ಹಚ್ಚಿದ್ದು?”

ನನ್ನ ವೀರನ ಎರಡನೆಯ ಗೆರೆಯಷ್ಟೂ ದಮ್ಮು ನನ್ನಲ್ಲಿ ಉಳಿದಿರಲಿಲ್ಲ.

“ನಡುವೆ ಹಚ್ಚಿದ್ರೆ ನಾಳಿಕೆ ನಿನ್ ಬ್ಯಾಟ್ಸ್‌ಮನ್ನು ಕಾಣ್ತಾನೇನ್ಲಾ” ಎಂದರು ಅತ್ತೆ.

ತಾಯಿಯ ಕೈಯ ವಿಭೂತಿಯನ್ನು ಅಳಿಸುವ ಎದೆಗಾರಿಕೆ ಯಾವ ಮಗನಿಗಿದೆ? ಭಾವ ಗೊಣಗುತ್ತ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು. ಎಷ್ಟಾದರೂ ಆಕೆಯ ಮಗ.

“ಅದ್ನ ಆರ್ಸ್ಬ್ಯಾಡ” ಎಂದರು ಅತ್ತೆ. ಆಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಎರಡೂ ಕೈ ಗಾಳಿಯಲ್ಲಿ ಆಡಿಸುತ್ತ, ಮೂಗಿನಲ್ಲಿ ಎಳೆದರು: “ಅತ್ತೇ, ಅದು ಮಲಗಿದ್ದಾಗ ಮೈ ಉಜ್ಕಂತದೆ, ಕರೆಂಟ್ ತೆಗೀಬ್ಯಾಡಿ ಅತ್ತೇ.”

ಅಕ್ಕ ಸೆರಗನ್ನು ಬೆರಳಿನಿಂದ ಬಿಡಿಸಿ ಬಾಯಿಗೆ ಒತ್ತಿಕೊಂಡಳು. ಭಾವ ಮ್ಯಾಚು ಮರೆತು ನಕ್ಕರು. ನಾನು ಮಾತ್ರ ತಬ್ಬಿಬ್ಬಾದೆ. ನಾನು ಹಾಗೆ ಕುಣಿಯುತ್ತೇನೆಯೇ? ನನ್ನ ‘ಅತ್ತೇ’ ಅಷ್ಟು ಉದ್ದವೇ? ಊರವರ ಚಿತ್ರವನ್ನೆಲ್ಲ ನಾನು ಹೊತ್ತು ತಿರುಗುತ್ತಿರುವಾಗ, ನನ್ನ ಚಿತ್ರವನ್ನು ಒಬ್ಬರು ಸದ್ದಿಲ್ಲದೆ ಇಳಿಸಿಕೊಂಡಿದ್ದರು.

ಬೆಳಿಗ್ಗೆ ಅತ್ತೆಯೇ ಒದ್ದೆ ಮೆತ್ತನೆ ಬಟ್ಟೆಯಲ್ಲಿ ವಿಭೂತಿ ಒರೆಸಿದರು. ಹಾಡು ಹಾಕಿದೆವು. ಜಡೆಯ ಮೇಲೆ ಏನೂ ಇರಲಿಲ್ಲ. ನಾನು ಪೆಟ್ಟಿಗೆ ಕಟ್ಟಿಕೊಂಡು ಹಿಂದೂಪುರದ ಬಸ್ಸು ಹತ್ತಿ, ಅಭ್ಯಾಸದಂತೆ ಸೀಟು ಬದಲಾಯಿಸುತ್ತ ಬಂದೆ. ಈಗ ಅಕ್ಕ ಫೋನು ಮಾಡಿದಾಗಲೆಲ್ಲ ಹೇಳುತ್ತಾಳೆ, ಪಕ್ಕದ ಮನೆಯವರು ಬಂದರೆ ಅತ್ತೆ ಎದ್ದು ನಿಂತು ನನ್ನನ್ನು ಮಾಡಿ ತೋರಿಸುತ್ತಾರಂತೆ. ನಾನು ಆ ಮನೆಯಲ್ಲಿ ಕದಲದೆ ಕೂತದ್ದು ಒಂದೇ ಮಧ್ಯಾಹ್ನ. ಅದರ ಗುರುತನ್ನು ಟೀವಿ ಬೆಳಗಾಗುವುದರೊಳಗೆ ಮರೆತುಬಿಟ್ಟಿತು, ಅತ್ತೆ ಮರೆತಿಲ್ಲ.